ಬಣ್ಣಕ್ಕೆ ಮುಂಚಿನ ಕೆಲಸ

ಮಲೆನಾಡಿನ ಕಡೆಯ ವಾಚಕರೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ತಂದೆಯವರು ಬಹುಕಾಲ ಬಳಸಿದ ಅಂಬಾಸಡರ್ ಕಾರೊಂದು ಮನೆಯಲ್ಲಿದೆ. ಯಂತ್ರವು ಇನ್ನೂ ಚೆನ್ನಾಗಿ ನಡೆಯುತ್ತಿದೆ. ಆದರೆ ಬಣ್ಣವು ಮಾಸಿ, ಬಾಗಿಲುಗಳ ಕೆಳಗೆ ಅಲ್ಲಲ್ಲಿ ಗುಳ್ಳೆಗಳೆದ್ದಿವೆ. ಹೊಸ ಬಣ್ಣ ಹಾಕಿಸಬೇಕೆಂದು ಇಬ್ಬರು ಕೆಲಸಗಾರರನ್ನು ವಿಚಾರಿಸಿದಲ್ಲಿ, ಒಬ್ಬರು ನಾಲ್ಕು ದಿನಗಳಲ್ಲಿ ಗಾಡಿಯನ್ನು ಕನ್ನಡಿಯಂತೆ ಹೊಳೆಯಿಸಿ ಕೊಡುವೆನೆಂದರಂತೆ. ಇನ್ನೊಬ್ಬರು ಮೂರು ವಾರಗಳ ಅವಧಿಯನ್ನೂ ಎರಡರಷ್ಟು ಹಣವನ್ನೂ ಕೇಳಿದರಂತೆ. “ಬಣ್ಣವೂ ಒಂದೇ, ಡಬ್ಬಿಯೂ ಒಂದೇ, ಬೆಲೆಯಲ್ಲಿ ಇಷ್ಟು ಅಂತರವೇಕೆ? ಮನೆಯ ಮಕ್ಕಳನ್ನು ನಿತ್ಯವೂ ಇದೇ ಗಾಡಿಯಲ್ಲಿ ಘಟ್ಟದ ರಸ್ತೆಯ ಮೇಲೆ ಶಾಲೆಗೆ ಕರೆದೊಯ್ಯುತ್ತೇವೆ. ಯಾರ ಮಾತನ್ನು ನಂಬೋಣ?” ಎಂಬುದು ಅವರ ಪ್ರಶ್ನೆ.

ಅಂತರವಿರುವುದು ಡಬ್ಬಿಯ ಮುಚ್ಚಳವನ್ನು ತೆರೆಯುವುದಕ್ಕೆ ಮೊದಲು ನಡೆಯತಕ್ಕ ಕೆಲಸದಲ್ಲಿ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನನ್ನು ನಮ್ಮ ಮನೆಗಳ ಹಿರಿಯರು ನೋಡಿ ಬಲ್ಲರು. ತವರವನ್ನು ಸವರುವುದು ಅವನಿಗೆ ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚೆ ಪಾತ್ರೆಯ ಜಿಡ್ಡನ್ನೂ ಕಿಲುಬನ್ನೂ ತಿಕ್ಕಿ ತೆಗೆದು, ಬೆಂಕಿಯ ಮೇಲೆ ಕಾಯಿಸಿ, ನವಸಾಗರವನ್ನು ಉದುರಿಸಿ, ಲೋಹದ ನಿಜವಾದ ಮೈಯನ್ನು ಹೊರತರುವುದರಲ್ಲಿಯೇ ಅವನ ಶ್ರಮವೆಲ್ಲವೂ ವ್ಯಯವಾಗುತ್ತದೆ. ಜಿಡ್ಡು ಉಳಿದೆಡೆಯಲ್ಲಿ ತವರವು ಹಿಡಿಯದು. ಕಾರಿನ ಬಣ್ಣಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಆದರೆ ಒಂದು ಭೇದವುಂಟು. ಕಲಾಯಿ ಹಿಡಿಯದಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಬಣ್ಣವಾದರೋ ತುಕ್ಕಿನ ಮೇಲೂ ಜಿಡ್ಡಿನ ಮೇಲೂ ಆ ದಿನಕ್ಕೆ ಒಂದೇ ತೆರನಾಗಿ ಹೊಳೆಯುತ್ತದೆ. ದೋಷವು ಹೊರಬೀಳುವುದು ಒಂದು ಮಳೆಗಾಲ ಕಳೆದ ಮೇಲೆ. ಆಗ ಹಣವೂ ಹೋಗಿರುತ್ತದೆ, ಕೇಳುವ ಹಕ್ಕೂ ಹೋಗಿರುತ್ತದೆ.

ಆದುದರಿಂದ ಈ ವಿಷಯದಲ್ಲಿ ಗೃಹಸ್ಥನು ನೆನಪಿನಲ್ಲಿಡಬೇಕಾದ ಸೂತ್ರವು ಒಂದೇ: ಪ್ರತಿಯೊಂದು ಪದರವೂ ತನ್ನ ಕೆಳಗಿನದನ್ನು ಮುಚ್ಚುತ್ತದೆ, ಮುಚ್ಚುವುದಕ್ಕೆ ಮುಂಚೆ ಹೋಗಿ ನೋಡಬೇಕು. ಕಾರನ್ನು ಒಪ್ಪಿಸಿ, ಮುಗಿದ ಮೇಲೆ ಹೋಗಿ ತರುವುದು ಸಾಲದು. ನಡುವೆ ನಾಲ್ಕು ಬಾರಿ ಹೋಗಬೇಕು. ಆ ನಾಲ್ಕು ಭೇಟಿಗಳಲ್ಲಿ ಏನನ್ನು ನೋಡಬೇಕೆಂಬುದನ್ನು ಮುಂದೆ ವಿವರಿಸುತ್ತೇವೆ.

ಅದಕ್ಕೆ ಮೊದಲು ಒಂದೆರಡು ಮಾತು ಹಿಂದಿನ ಸಂಗತಿ. ಮೋಟಾರು ಗಾಡಿಗಳ ಆದಿಯಲ್ಲಿ ಸಾರೋಟುಗಳಿಗೆ ಬಳಿಯುತ್ತಿದ್ದ ವಾರ್ನಿಷನ್ನೇ ಅವಕ್ಕೂ ಕೈಯಿಂದ ಬಳಿಯುತ್ತಿದ್ದರು. ಒಂದೊಂದು ಪದರವೂ ಒಣಗಿ, ಉಜ್ಜಿಸಿಕೊಂಡು, ಮತ್ತೊಂದನ್ನು ಪಡೆಯುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ೧೯೨೩ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯವರ ‘ಡ್ಯೂಕೋ’ ಎಂಬ ಶೀಘ್ರವಾಗಿ ಒಣಗುವ ಬಣ್ಣವು ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡಿತು. ನಮ್ಮ ಊರುಗಳ ಹಳೆಯ ಗ್ಯಾರೇಜುಗಳಲ್ಲಿ ಈಗಲೂ ‘ಡ್ಯೂಕೋ ಕೆಲಸ’ವೆಂಬ ಮಾತು ಕೇಳಿಬರುವುದು ಅದರಿಂದಲೇ. ಬಣ್ಣ ಒಣಗುವ ಕಾಲವು ವಾರಗಳಿಂದ ಗಂಟೆಗಳಿಗಿಳಿಯಿತು. ಆದರೆ ಮೈಯನ್ನು ಅಣಿಮಾಡುವ ಕೆಲಸದ ಕಾಲವು ಹಾಗೆ ಇಳಿಯಲಿಲ್ಲ.

ಈ ಅಣಿಮಾಡುವ ಕೆಲಸವು ಗೃಹಸ್ಥರಿಗೆ ಕೊಟ್ಟ ಒಂದು ಕಾಣಿಕೆಯೂ ಉಂಟು. ಒಣಗಿದ ಬಣ್ಣವನ್ನು ಉಜ್ಜುವಾಗ ಏಳುವ ವಿಷಮಯ ಧೂಳನ್ನು ತಗ್ಗಿಸಲು, ನೀರಿನಲ್ಲಿ ನೆನೆದರೂ ಬಿಚ್ಚಿಹೋಗದ ಉಜ್ಜುಕಾಗದವನ್ನು ೧೯೨೧ರಲ್ಲಿ ಅಮೆರಿಕದ ೩ಎಂ ಸಂಸ್ಥೆಯವರು ಮಾರಾಟಕ್ಕೆ ತಂದರು. ಅದನ್ನು ರೂಪಿಸಿದಾತನು ಫ್ರಾನ್ಸಿಸ್ ಓಕೀ. ಅದೇ ಸಂಸ್ಥೆಯ ರಿಚರ್ಡ್ ಡ್ರೂ ಎಂಬ ತರುಣನು ಈ ಕಾಗದದ ಮಾದರಿಗಳನ್ನು ಕಾರುಗಳಿಗೆ ಬಣ್ಣ ಹಾಕುವ ಮಳಿಗೆಗಳಿಗೆ ಒಯ್ಯುತ್ತಿದ್ದಾಗ, ಎರಡು ಬಣ್ಣದ ಗಾಡಿಗಳನ್ನು ಮಾಡುವವರು ಅಂಟಿಸಿದ ಕಾಗದವನ್ನು ಕೀಳುವಾಗ ಹೊಸ ಬಣ್ಣವೂ ಕಿತ್ತುಬರುವುದನ್ನು ಕಂಡು, ೧೯೨೫ರಲ್ಲಿ ಮಾಸ್ಕಿಂಗ್ ಟೇಪನ್ನು ಸಿದ್ಧಪಡಿಸಿದನು. ಮೊದಲ ಟೇಪಿನ ಅಂಚುಗಳಿಗೆ ಮಾತ್ರವೇ ಅಂಟು ಬಳಿದಿದ್ದುದನ್ನು ಕಂಡ ಬಣ್ಣಗಾರನೊಬ್ಬನು, ಜಿಪುಣರೆಂಬ ಅರ್ಥದಲ್ಲಿ ‘ಸ್ಕಾಚ್’ ಎಂಬ ಮಾತನ್ನಾಡಿದನೆಂದೂ, ಆ ಹೆಸರೇ ಟೇಪಿಗೆ ನಿಂತಿತೆಂದೂ ಹೇಳುವುದುಂಟು. ಇಂದು ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕುವ ಪಾರದರ್ಶಕ ಟೇಪು ಅದೇ ಡ್ರೂವಿನ ೧೯೩೦ರ ಕೃತಿ. ಇನ್ನು ಪ್ರಕೃತ ವಿಷಯಕ್ಕೆ ಬರೋಣ.

ಮೊದಲನೆಯ ಭೇಟಿ: ತೊಳೆದು ಬಿಚ್ಚಿದ ಮೇಲೆ

ಉಜ್ಜುವುದಕ್ಕೆ ಮುಂಚೆ ತೊಳೆಯಬೇಕು. ತೊಳೆಯುವುದಕ್ಕೆ ಮುಂಚೆ ಉಜ್ಜಲಾಗದು. ಈ ಕ್ರಮವನ್ನು ತಪ್ಪಿದರೆ ವರ್ಷಗಳಿಂದ ಸವರಿದ ಪಾಲಿಷಿನ ಮೇಣವೂ ಎಣ್ಣೆಯೂ ಉಜ್ಜುಕಾಗದದ ಗೀರುಗಳೊಳಕ್ಕೆ ಇಳಿದು ಕುಳಿತುಬಿಡುತ್ತವೆ. ಮತ್ತೆ ಹೊರಬರುವುದು ಕಷ್ಟ. ಅಂತಹ ಎಡೆಯಲ್ಲಿ ಹೊಸ ಬಣ್ಣವು ಸರಿಯಾಗಿ ಕೂಡದೆ ಸಣ್ಣ ಸಣ್ಣ ಗುಳಿಗಳಾಗಿ ಸರಿದು ನಿಲ್ಲುತ್ತದೆ. ಕೆಲಸಗಾರರು ಇದನ್ನು ‘ಫಿಶ್ ಐ’ ಎನ್ನುತ್ತಾರೆ. ಸಿಲಿಕೋನ್ ಬೆರೆತ ಪಾಲಿಷುಗಳೇ ಇದಕ್ಕೆ ಮುಖ್ಯ ಕಾರಣ. ಸಾಬೂನಿನ ನೀರಿನಿಂದ ತೊಳೆದು ಒಣಗಿಸಿ, ಜಿಡ್ಡು ತೆಗೆಯುವ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮುನ್ನವೇ ಇನ್ನೊಂದು ಒಣಬಟ್ಟೆಯಿಂದ ತೆಗೆದುಬಿಡಬೇಕು. ಒಂದೇ ಬಟ್ಟೆಯಿಂದ ಒರೆಸಿದರೆ ಜಿಡ್ಡು ಸ್ಥಳ ಬದಲಿಸುವುದೇ ಹೊರತು ಹೊರಹೋಗದು. ಈ ಕೆಲಸಕ್ಕೆ ಪೆಟ್ರೋಲನ್ನು ಬಳಸುವ ಪದ್ಧತಿಯು ಅಪಾಯಕರ; ಬೆಂಕಿಯ ಭಯವಿರುವುದರಿಂದ ಅದನ್ನು ಖಂಡಿತವಾಗಿಯೂ ನಿಷೇಧಿಸಬೇಕು.

ಬಂಪರು, ದೀಪಗಳು, ಬಾಗಿಲಿನ ಹಿಡಿಗಳು, ಗಾಜಿನ ಸುತ್ತಲಿನ ರಬ್ಬರು, ಅಲಂಕಾರದ ಪಟ್ಟಿಗಳು, ಇವೆಲ್ಲವನ್ನೂ ಬಿಚ್ಚಿಡಬೇಕು. ನಾಲ್ಕು ದಿನದ ಕೆಲಸದಲ್ಲಿ ಇವುಗಳನ್ನು ಬಿಚ್ಚದೆ ಟೇಪು ಸುತ್ತಿ ಬಣ್ಣ ಹಾರಿಸುತ್ತಾರೆ. ಆಗ ರಬ್ಬರಿನ ಅಂಚಿನವರೆಗೆ ಮಾತ್ರ ಬಣ್ಣ ಬಂದು ನಿಲ್ಲುತ್ತದೆ. ಸಿಪ್ಪೆಯೇಳುವುದು ಮೊದಲಾಗುವುದೂ ಆ ಅಂಚಿನಿಂದಲೇ. ರಬ್ಬರಿನ ಅಡಿಯಲ್ಲಿ ನೀರು ನಿಂತು ತುಕ್ಕು ಬೆಳೆದಿದ್ದರೆ ಅದೂ ಕಾಣದೆ ಉಳಿದುಹೋಗುತ್ತದೆ.

ಮೊದಲ ಭೇಟಿಯಲ್ಲಿ ಇನ್ನೊಂದು ಪರೀಕ್ಷೆಯನ್ನು ಮಾಡಿಸಿರಿ. ಮರೆಯಾದ ಒಂದೆಡೆಯಲ್ಲಿ ಹಳೆಯ ಬಣ್ಣವನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಲಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಡ್ಯೂಕೋ ಜಾತಿಯದು; ಉಬ್ಬಿ ಸುಕ್ಕಾದರೆ ಅದರ ಮೇಲೆ ತೀಕ್ಷ್ಣವಾದ ಥಿನ್ನರಿನ ಬಣ್ಣವನ್ನು ನೇರವಾಗಿ ಹಾಕಕೂಡದು. ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯುಂಟೇ ಎಂಬುದನ್ನು ಅಂಗೈಯಗಲದ ಸ್ಥಳದಲ್ಲಿಯೇ ತಿಳಿದುಕೊಳ್ಳುವುದು ಲೇಸು.

ಎರಡನೆಯ ಭೇಟಿ: ತಗಡಿನ ಕೆಲಸ ಮುಗಿದು, ಪುಟ್ಟಿ ಹಾಕುವ ಮುನ್ನ

ಇದು ನಾಲ್ಕರಲ್ಲಿ ಅತಿ ಮುಖ್ಯವಾದ ಭೇಟಿ. ಉಳಿದ ಮೂರನ್ನು ಮರೆತರೂ ಇದನ್ನು ಮರೆಯಬಾರದು.

ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿ ತಾಕಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಬೇಗನೆ ಬೆಳೆಯುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯವರಿಗೆ ಇದನ್ನು ಹೇಳಬೇಕಾದುದೇ ಇಲ್ಲ. ತುಕ್ಕಾದ ಕಬ್ಬಿಣವು ಮೊದಲಿದ್ದುದಕ್ಕಿಂತ ಹಲವು ಪಾಲು ಹೆಚ್ಚು ಸ್ಥಳವನ್ನು ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತುತ್ತದೆ. ನಮ್ಮ ವಾಚಕರು ಕಂಡ ಗುಳ್ಳೆಗಳು ಇವೇ. ಬಾಗಿಲುಗಳ ಕೆಳಗಿನ ಗುಳ್ಳೆಯು ಬಹುಮಟ್ಟಿಗೆ ಒಳಗಿನಿಂದ ಹೊರಕ್ಕೆ ಬಂದದ್ದಾಗಿರುತ್ತದೆ. ಹೊರಗೆ ಹುಣಸೆಬೀಜದಷ್ಟು ಕಂಡರೆ ಒಳಗೆ ಅಂಗೈಯಷ್ಟು ತಿಂದಿರಬಹುದು.

ಇಲ್ಲಿಯೇ ಪ್ರಾಣಕ್ಕೆ ಸಂಬಂಧಿಸಿದ ವಿಷಯವಿರುವುದು. ಲಾರಿಗಳಲ್ಲಿ ಭಾರವನ್ನು ಹೊರುವ ಚಾಸಿಯು ಬೇರೆ, ಮೇಲಿನ ಮೈ ಬೇರೆ. ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಆಗಲಿ, ಅದೇ ವರ್ಷ ನಿಂತ ಮಾರುತಿ ೮೦೦ ಆಗಲಿ, ಅವಕ್ಕಿಂತ ಮೊದಲೇ ಕಣ್ಮರೆಯಾದ ಪದ್ಮಿನಿಯಾಗಲಿ ಹಾಗಲ್ಲ. ಇವುಗಳಲ್ಲಿ ತಗಡಿನ ಮೈಯೇ ಅಸ್ಥಿಪಂಜರ. ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೂ ಹಾಯುವ ಪೆಟ್ಟಿಗೆಯಾಕಾರದ ತೊಲೆ, ನೆಲದ ತಗಡು, ಚಕ್ರಗಳ ಮೇಲಿನ ಕಮಾನಿನ ಒಳಮೈ, ಇವೇ ಗಾಡಿಯ ಎಲುಬುಗಳು. ಅಪಘಾತವಾದಾಗ ಕುಳಿತವರನ್ನು ಕಾಪಾಡುವುದು ಇವುಗಳ ಬಲ. ಇಂತಹ ಎಲುಬು ತುಕ್ಕು ತಿಂದು ತೂತಾಗಿರುವಲ್ಲಿ ಬಲೆಯನ್ನೋ ಕಾಗದವನ್ನೋ ತುರುಕಿ, ಪುಟ್ಟಿ ಮೆತ್ತಿ, ನಯಗೊಳಿಸಿ, ಬಣ್ಣ ಹಾಕಿಬಿಟ್ಟರೆ ನೋಟಕ್ಕೆ ಅದು ಹೊಸ ತೊಲೆ, ಬಲದಲ್ಲಿ ಹಪ್ಪಳ. ಒಳಗೆ ಹುಳುಕು, ಹೊರಗೆ ಥಳುಕು ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯದು. ಬಣ್ಣವು ಮಾಸಿದ್ದಾಗ ಗುಳ್ಳೆಯಾದರೂ ಎಚ್ಚರಿಸುತ್ತಿತ್ತು. ಈಗ ಆ ಎಚ್ಚರಿಕೆಯೂ ಇಲ್ಲ.

ಆದಕಾರಣ ಬರಿಯ ತಗಡು ಕಾಣುವಾಗಲೇ ಹೋಗಿರಿ. ಒಂದು ಸ್ಕ್ರೂಡ್ರೈವರಿನ ತುದಿಯಿಂದ ಬಾಗಿಲಿನ ಅಡಿಯ ತೊಲೆಯನ್ನೂ, ಜಾಕು ಕೊಡುವ ಸ್ಥಳವನ್ನೂ, ಡಿಕ್ಕಿಯ ನೆಲವನ್ನೂ ಒತ್ತಿ ನೋಡಿರಿ. ಒಳ್ಳೆಯ ತಗಡು ಠಣ್ಣೆನ್ನುತ್ತದೆ. ತಿಂದುಹೋದದ್ದು ಮೆತ್ತಗೆ ಒಳಸರಿಯುತ್ತದೆ. ಕೊಳೆತ ಭಾಗವನ್ನು ಒಳ್ಳೆಯ ಲೋಹ ಸಿಕ್ಕುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿಗಳನ್ನು ಕಳಚಿರಬೇಕು. ಪೆಟ್ರೋಲು ಟ್ಯಾಂಕಿನ ಸಮೀಪದ ಕೆಲಸವಾದರೆ ಟ್ಯಾಂಕನ್ನೇ ಇಳಿಸಿರಬೇಕು. ಮೇಲುಮೇಲಿನ ತುಕ್ಕನ್ನು ಹೊಳೆಯುವ ಲೋಹ ಬರುವವರೆಗೆ ಉಜ್ಜಬೇಕು. ಸಣ್ಣ ಗುಳಿಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲವುಳ್ಳ ತುಕ್ಕುನಾಶಕವನ್ನು ಸವರಿ, ಅದರ ತಯಾರಕರು ಹೇಳಿದಂತೆ ತೊಳೆದೋ ಒರೆಸಿಯೋ ಶುದ್ಧಿಮಾಡಬೇಕು.

ಬಾಗಿಲಿನ ಕೆಳಅಂಚಿನಲ್ಲಿ ನೀರು ಸೋರಿಹೋಗಲೆಂದು ಸಣ್ಣ ರಂಧ್ರಗಳಿರುತ್ತವೆ. ಅವಸರದ ಕೆಲಸದಲ್ಲಿ ಇವು ಪುಟ್ಟಿಯಿಂದ ಮುಚ್ಚಿಹೋಗಿ, ಬಾಗಿಲು ಮಳೆಗಾಲದಲ್ಲಿ ನೀರು ತುಂಬಿದ ಕೊಳಗವಾಗುತ್ತದೆ. ಈ ರಂಧ್ರಗಳು ತೆರೆದಿರುವುವೇ ಎಂದು ಒಂದು ಕಡ್ಡಿಯಿಂದ ಪರೀಕ್ಷಿಸಿರಿ. ಬರಿಯ ತಗಡನ್ನು ರಾತ್ರಿಯೆಲ್ಲ ಹಾಗೆಯೇ ಬಿಡುವುದೂ ಸಲ್ಲದು. ತೇವದ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಹತ್ತುತ್ತದೆ. ಲೋಹ ಕಂಡ ದಿನವೇ ಪ್ರೈಮರು ಬೀಳಬೇಕು. ಎಪಾಕ್ಸಿ ಜಾತಿಯ ಪ್ರೈಮರು ಇದಕ್ಕೆ ಉತ್ತಮ. ಸಾಧಾರಣ ಪ್ರೈಮರು ತೇವವನ್ನು ಹೀರುವ ಸ್ವಭಾವದ್ದು. ಅದಷ್ಟನ್ನೇ ಹಾಕಿದ ಗಾಡಿಯನ್ನು ಮಳೆಯಲ್ಲಿ ಓಡಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಮೂರನೆಯ ಭೇಟಿ: ಪುಟ್ಟಿಯೂ ಪ್ರೈಮರೂ ಆದ ಮೇಲೆ

ಪುಟ್ಟಿಯೇ ದೋಷವೆಂದು ತಿಳಿಯಬಾರದು. ತಗಡನ್ನು ಸುತ್ತಿಗೆಯಿಂದ ಎಷ್ಟು ಸರಿಪಡಿಸಿದರೂ ಅಲೆಯಂತಹ ಏರುತಗ್ಗುಗಳು ಉಳಿದೇ ಉಳಿಯುತ್ತವೆ. ಅವುಗಳನ್ನು ತುಂಬುವುದು ಪುಟ್ಟಿಯ ಧರ್ಮ. ಅದು ಮೂರು ಮಿಲಿಮೀಟರಿನ ಒಳಗೇ ಇದ್ದರೆ ಒಳ್ಳೆಯದು. ತಗ್ಗನ್ನು ಬಡಿದೆತ್ತುವ ಶ್ರಮವನ್ನು ಉಳಿಸಲೆಂದು ಬೆರಳುದಪ್ಪ ಮೆತ್ತಿದರೆ ಗಾಡಿಯ ಕುಲುಕಾಟಕ್ಕೆ ಅದು ಬಿರಿಯುತ್ತದೆ. ಪರೀಕ್ಷೆ ಸುಲಭ: ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸರಿಸುತ್ತ ಹೋಗಿರಿ. ಅದು ಬಲವಾಗಿ ಹಿಡಿದಲ್ಲಿ ಪುಟ್ಟಿ ತೆಳುವು. ಹಿಡಿಯದೆ ಜಾರಿಬಿದ್ದಲ್ಲಿ ಪುಟ್ಟಿಯ ಗೋಡೆಯಿದೆಯೆಂದು ತಿಳಿಯಿರಿ. ಹಳೆಯ ಕಾರನ್ನು ಕೊಳ್ಳುವವರಿಗೂ ಈ ಉಪಾಯವು ಉಪಯುಕ್ತ.

ಎರಡು ದ್ರವ್ಯಗಳನ್ನು ಬೆರೆಸಿ ಹಾಕುವ ಈಗಿನ ಪುಟ್ಟಿಯು ನೀರನ್ನು ಹೀರುತ್ತದೆ. ಆದಕಾರಣ ಅದನ್ನು ಒಣಗಿದ ಕಾಗದದಿಂದಲೇ ಉಜ್ಜಬೇಕು. ನೀರು ಹಾಕಿ ಉಜ್ಜುವುದು ಪ್ರೈಮರು ಬಿದ್ದು ಅದು ಮುಚ್ಚಿದ ಮೇಲೆ. ಉಜ್ಜುಕಾಗದದ ಸಂಖ್ಯೆ ಹೆಚ್ಚಿದಷ್ಟೂ ಕಣ ನುಣುಪು. ಪುಟ್ಟಿಗೆ ಆಕಾರ ಕೊಡಲು ೮೦, ಆ ಗೀರುಗಳನ್ನು ತೆಗೆಯಲು ೧೮೦, ಪ್ರೈಮರಿಗೆ ಮುಂಚೆ ೩೨೦, ಬಣ್ಣಕ್ಕೆ ಮುಂಚೆ ೬೦೦ ರಿಂದ ೮೦೦ ಎಂಬುದು ಸಾಮಾನ್ಯವಾದ ಕ್ರಮ. ನಡುವಿನ ಮೆಟ್ಟಿಲನ್ನು ಹಾರಿದರೆ ಒರಟು ಗೀರು ಒಳಗೇ ಉಳಿದು, ತಿಂಗಳು ಕಳೆದ ಮೇಲೆ ಬಣ್ಣವು ಕುಗ್ಗಿದಾಗ ಮೇಲೆದ್ದು ಕಾಣುತ್ತದೆ. ಹಳೆಯ ಬಣ್ಣ ಮುಗಿದು ತಗಡು ಮೊದಲಾಗುವ ಅಂಚನ್ನು ಮೆಟ್ಟಿಲಾಗಿ ಬಿಡದೆ ಇಳಿಜಾರಾಗಿ ತೇಯಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚು ಎಲ್ಲಿಯೆಂದು ತಿಳಿಯಬಾರದು. ಕಾಗದವನ್ನು ಬರಿಯ ಬೆರಳುಗಳಲ್ಲಿ ಹಿಡಿದು ಉಜ್ಜಿದರೆ ಬೆರಳುಗಳ ಸಾಲು ಮೂಡುತ್ತದೆ; ಮರದ ಅಥವಾ ರಬ್ಬರಿನ ತುಂಡಿಗೆ ಸುತ್ತಿ ಉಜ್ಜಬೇಕು.

ಮೈ ಸಮತಲವಾಗಿದೆಯೇ ಎಂದು ತಿಳಿಯಲು ನುರಿತವರು ಒಂದು ಜಾಣ್ಮೆಯನ್ನು ಮಾಡುತ್ತಾರೆ. ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳುವಾಗಿ ಹಾರಿಸಿ, ತುಂಡಿಗೆ ಸುತ್ತಿದ ಕಾಗದದಿಂದ ಮೆಲ್ಲನೆ ಉಜ್ಜುತ್ತಾರೆ. ಕಪ್ಪು ಉಳಿದಲ್ಲಿ ತಗ್ಗು. ಬೇಗನೆ ಲೋಹ ಕಂಡಲ್ಲಿ ಉಬ್ಬು. ನಿಮ್ಮ ಕೆಲಸಗಾರರು ಇದನ್ನು ಮಾಡುತ್ತಿರುವುದನ್ನು ಕಂಡರೆ ಒಳ್ಳೆಯ ಕೈಗೆ ಗಾಡಿಯನ್ನು ಒಪ್ಪಿಸಿದ್ದೇವೆಂದು ಸಮಾಧಾನಪಡಬಹುದು. ನೀವಾದರೋ ತೆಳುಬಟ್ಟೆಯ ಮೇಲೆ ಅಂಗೈಯಿಟ್ಟು ಉದ್ದಕ್ಕೆ ಸರಿಸಿ ನೋಡಿರಿ. ಕಣ್ಣಿಗೆ ಕಾಣದ ಅಲೆ ಕೈಗೆ ತಿಳಿಯುತ್ತದೆ.

ಇಲ್ಲಿ ಧೂಳಿನ ಮಾತನ್ನು ಹೇಳಲೇಬೇಕು. ಹಳೆಯ ಬಣ್ಣಗಳಲ್ಲಿ, ವಿಶೇಷವಾಗಿ ಹಳದಿ ಕೆಂಪು ಛಾಯೆಗಳಲ್ಲಿ, ಸೀಸದ ಸಂಯುಕ್ತಗಳು ಬಳಕೆಯಲ್ಲಿದ್ದವು. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಇಷ್ಟಾದರೆ ಬಾಧಕವಿಲ್ಲವೆಂಬ ಪ್ರಮಾಣವೇ ಅದಕ್ಕಿಲ್ಲ. ನಮ್ಮ ದೇಶದಲ್ಲಿ ೨೦೧೬ರಲ್ಲಿ ಹೊರಟು ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದ ನಿಯಮವು ಹತ್ತು ಲಕ್ಷ ಭಾಗದಲ್ಲಿ ೯೦ಕ್ಕೆ ಸೀಸವನ್ನು ಮಿತಿಗೊಳಿಸಿದೆ. ಆದರೆ ಅದು ಮನೆಗಳಿಗೂ ಅಲಂಕಾರಕ್ಕೂ ಬಳಸುವ ಬಣ್ಣಗಳ ಮಾತು. ಹಳೆಯ ಕಾರಿನ ಪದರುಗಳಿಗೆ ಅದರ ರಕ್ಷಣೆಯಿಲ್ಲ. ಆದುದರಿಂದ ಮನೆಯ ಅಂಗಳದಲ್ಲಿ, ಮಕ್ಕಳಾಡುವೆಡೆಯಲ್ಲಿ, ಬಾವಿಯ ಬಳಿಯಲ್ಲಿ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬೇಡಿರಿ. ಉಜ್ಜಿದವರು ಆ ಉಡುಪಿನಲ್ಲಿಯೇ ಮಕ್ಕಳನ್ನೆತ್ತಿಕೊಳ್ಳದಿರಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ.

ಕೆಲಸಗಾರರ ಆರೋಗ್ಯವೂ ಯಜಮಾನನು ಯೋಚಿಸತಕ್ಕ ವಿಷಯವೇ. ಈಗ ಹೆಚ್ಚು ಬಳಕೆಯಲ್ಲಿರುವ ಪಿ.ಯು. ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಹತ್ತುವುದುಂಟು. ಒಮ್ಮೆ ಹತ್ತಿದ ಮೇಲೆ ಅತ್ಯಲ್ಪ ಪ್ರಮಾಣವೂ ಉಸಿರನ್ನು ಕಟ್ಟುತ್ತದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಇದು ನಿಲ್ಲುವುದಿಲ್ಲ. ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖಗವಸೇ ಬೇಕು. ಅದಿಲ್ಲದ ಮಳಿಗೆಯಲ್ಲಿ ಪಿ.ಯು. ಬಣ್ಣಕ್ಕಾಗಿ ಹಠ ಹಿಡಿಯುವುದು ನ್ಯಾಯವಲ್ಲ. ನಮ್ಮ ಕಾರಿನ ಹೊಳಪಿಗೆ ಇನ್ನೊಬ್ಬರ ಶ್ವಾಸಕೋಶವು ಬೆಲೆಯಾಗಬಾರದು.

ನಾಲ್ಕನೆಯ ಭೇಟಿ: ಬಣ್ಣ ಹಾರಿಸುವ ಮುನ್ನ

ಗಾಜುಗಳೂ ಚಕ್ರಗಳೂ ಒಳಗಿನ ಆಸನಗಳೂ ಕಾಗದ ಮತ್ತು ಟೇಪಿನಿಂದ ಮುಚ್ಚಿರಬೇಕು. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿರಬೇಕು. ಮೈಯನ್ನು ಮತ್ತೊಮ್ಮೆ ದ್ರಾವಕದಿಂದ ಒರೆಸಿ, ಅಂಟುಬಟ್ಟೆಯಿಂದ ಸವರಿರಬೇಕು. ಆ ಬಳಿಕ ಯಾರೂ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರೂ ಜಿಡ್ಡೇ. ಹವೆಯೂ ಮುಖ್ಯ. ತೇವದ ದಿನಗಳಲ್ಲಿ ಡ್ಯೂಕೋ ಬಣ್ಣವನ್ನು ಹಾರಿಸಿದರೆ, ಥಿನ್ನರು ಬೇಗನೆ ಆವಿಯಾಗುತ್ತ ಮೈಯನ್ನು ತಂಪಾಗಿಸಿ, ಗಾಳಿಯ ತೇವವು ಬಣ್ಣದಲ್ಲಿ ಸೇರಿ ಬಿಳಿಚಿಕೊಳ್ಳುತ್ತದೆ. ಮಲೆನಾಡಿನವರು ಮಳೆ ಹಿಂದೆಗೆದು ಬಿಸಿಲು ನಿಲ್ಲುವವರೆಗೆ ಕಾಯುವುದು ಉತ್ತಮ. ಆಯುಧಪೂಜೆಗೆ ಗಾಡಿ ಹೊಸದಾಗಿರಬೇಕೆಂಬ ಅವಸರದಲ್ಲಿ ಭಾದ್ರಪದದ ಮಳೆಯಲ್ಲಿಯೇ ಬಣ್ಣ ಹಾಕಿಸುವುದು ಜಾಣತನವಲ್ಲ. ಹೊಸ ಬಣ್ಣ ಪೂರ್ತಿಯಾಗಿ ಗಟ್ಟಿಯಾಗಲು ವಾರಗಳು ಬೇಕು. ಅದುವರೆಗೆ ಮೇಣದ ಪಾಲಿಷನ್ನು ಹಾಕದಿರಿ, ಹೂಮಾಲೆಗಳನ್ನು ಟೇಪಿನಿಂದ ಅಂಟಿಸದಿರಿ, ಅರಿಸಿನ ಕುಂಕುಮವನ್ನು ಗಾಜಿಗೋ ನಂಬರಿನ ಫಲಕಕ್ಕೋ ಹಚ್ಚಿರಿ.

ಬಣ್ಣವನ್ನೇ ಬದಲಿಸಬೇಕೆಂದಿರುವವರು ಒಂದನ್ನು ನೆನಪಿಡಬೇಕು. ಗಾಡಿಯ ಬಣ್ಣವು ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಸಾರಿಗೆ ಕಛೇರಿಗೆ ತಿಳಿಸಿ ಅದನ್ನು ತಿದ್ದಿಸಿಕೊಳ್ಳಬೇಕು. ಸೇನೆಯ ಗಾಡಿಗಳ ಆಲಿವ್ ಹಸಿರನ್ನು ಇತರರು ಬಳಸುವುದನ್ನು ೧೯೮೯ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ನಿಷೇಧಿಸಿವೆ.

ಇನ್ನು ನಮ್ಮ ವಾಚಕರಿಗೆ ಉತ್ತರ. ಮೂರು ವಾರ ಕೇಳಿದವರೆಲ್ಲರೂ ಪ್ರಾಮಾಣಿಕರೆಂದು ನಾವು ಹೇಳಲಾರೆವು. ಆದರೆ ಗುಳ್ಳೆಯೆದ್ದ ಹಳೆಯ ಗಾಡಿಯ ಕೆಲಸವು ನಾಲ್ಕು ದಿನಗಳಲ್ಲಿ ಆಗತಕ್ಕದ್ದಲ್ಲ. ಇಬ್ಬರಿಗೂ ಒಂದೇ ಮಾತನ್ನು ಹೇಳಿ ನೋಡಿರಿ: “ಪುಟ್ಟಿ ಹಾಕುವ ಮುನ್ನ ತಿಳಿಸಿರಿ, ನಾವು ಬಂದು ಬರಿಯ ತಗಡನ್ನು ನೋಡಿಕೊಂಡು ಹೋಗುತ್ತೇವೆ.” ಈ ಮಾತಿಗೆ ಸಂತೋಷದಿಂದ ಒಪ್ಪಿದವರಿಗೆ ಗಾಡಿಯನ್ನು ಕೊಡಿರಿ. ಹಣವನ್ನು ನಾಲ್ಕು ಕಂತುಗಳಾಗಿ ಹಂಚಿ, ಒಂದೊಂದು ಭೇಟಿಗೆ ಒಂದೊಂದನ್ನು ಸಲ್ಲಿಸುವ ಒಪ್ಪಂದವನ್ನು ಬರೆದುಕೊಳ್ಳಿರಿ. ಕೈಯಲ್ಲಿರುವ ಹಣವು ಎಲ್ಲದಕ್ಕೂ ಸಾಲದಿದ್ದರೆ ತಗಡಿನ ಕೆಲಸವನ್ನೂ ಎಪಾಕ್ಸಿ ಪ್ರೈಮರನ್ನೂ ಮಾಡಿಸಿ, ಬಣ್ಣವನ್ನು ಅಗ್ಗದ್ದನ್ನೇ ಹಾಕಿಸಿರಿ. ಬಣ್ಣವು ಮಾಸಿದರೆ ಇನ್ನೊಮ್ಮೆ ಹಾಕಿಸಬಹುದು. ಘಟ್ಟದ ತಿರುವಿನಲ್ಲಿ ಮಕ್ಕಳನ್ನು ಹೊತ್ತಿರುವುದು ಕೆಳಗಿನ ತಗಡು.